ಹನ್ನಳ ಚಿಕ್ಕ ನಿಲುವಂಗಿ

(ಓದತಕ್ಕ ಭಾಗ: 1 ಸಮುವೇಲ 1:20-28, 2:18-21)



ಸಮುವೇಲನ ಮೊದಲನೆಯ ಪುಸ್ತಕದಲ್ಲಿ ಯುದ್ಧಗಳ ಮತ್ತು ಅರಸರ ಸಂಗತಿಗಳು ತುಂಬಿರುತ್ತವೆ. ಫಿಲಿಷ್ಟಿಯರ ದಂಡು, ದೇವರ ಮಂಜೂಷವು ಶತ್ರುಗಳ ಕೈಗೆ ಸಿಕ್ಕಿದ್ದು, ಸೌಲನ ಅಭಿಷೇಕ, ದಾವೀದನ ಕವಣೆ, ಗಿಲ್ಬೋವದ ಬೆಟ್ಟದಲ್ಲಿ ಅರಸನ ಮರಣ, ಇವೆಲ್ಲವೂ ಅದರಲ್ಲಿ ಉಂಟು. ಆದರೂ ಈ ದೊಡ್ಡ ಸಂಗತಿಗಳನ್ನು ಹೇಳುವದಕ್ಕೆ ಮುಂಚೆ ಗ್ರಂಥಕರ್ತನು ತುಸು ನಿಂತು, ಒಬ್ಬ ತಾಯಿಯು ದೂರದಲ್ಲಿದ್ದ ತನ್ನ ಮಗನಿಗೋಸ್ಕರ ವರ್ಷಕ್ಕೊಂದು ಚಿಕ್ಕ ನಿಲುವಂಗಿಯನ್ನು ಮಾಡಿ ತೆಗೆದುಕೊಂಡು ಹೋಗುತ್ತಿದ್ದಳೆಂಬದನ್ನು ಬರೆದಿಟ್ಟಿದ್ದಾನೆ. ಲೋಕದ ಚರಿತ್ರೆಗಾರರು ಇಂಥಾದ್ದನ್ನು ಬರೆಯುವದಿಲ್ಲ. ಎಷ್ಟು ಮಂದಿ ಯುದ್ಧದಲ್ಲಿ ಬಿದ್ದರೆಂಬದನ್ನು ಎಣಿಸುವರು, ಯಾವ ತಾಯಿಯು ಎಷ್ಟು ಅಂಗಿಗಳನ್ನು ಮಾಡಿದಳೆಂಬದನ್ನು ಎಣಿಸರು. ದೇವರ ವಾಕ್ಯವಾದರೋ ಇದನ್ನು ಮರೆಯಲಿಲ್ಲ.

ಹನ್ನಳ ಕಥೆಯನ್ನು ನೀವೆಲ್ಲರೂ ಬಲ್ಲಿರಿ. ಎಫ್ರಾಯೀಮ್ ಬೆಟ್ಟದ ಸೀಮೆಯ ಎಲ್ಕಾನನ ಹೆಂಡತಿಯಾದ ಆಕೆಗೆ ಮಕ್ಕಳಿರಲಿಲ್ಲ. ಸವತಿಯಾದ ಪೆನಿನ್ನಳ ಚುಚ್ಚುಮಾತುಗಳನ್ನು ಆಕೆಯು ವರ್ಷವರ್ಷವೂ ಸಹಿಸಿದಳು. ಶೀಲೋವಿನಲ್ಲಿ ಕಣ್ಣೀರಿನಿಂದ ಪ್ರಾರ್ಥಿಸಿ, ಮಗನು ಹುಟ್ಟಿದರೆ ಅವನನ್ನು ದೇವರಿಗೇ ಒಪ್ಪಿಸುವೆನೆಂದು ಹರಕೆಮಾಡಿದಳು. ಮಗನು ಹುಟ್ಟಿದನು. ಹಾಲು ಬಿಡಿಸಿದ ಮೇಲೆ ಆಕೆಯು ಅವನನ್ನು ದೇವಾಲಯಕ್ಕೆ ಕರೆದುಕೊಂಡು ಹೋಗಿ ವೃದ್ಧನಾದ ಏಲಿಯ ಬಳಿಯಲ್ಲಿ ಬಿಟ್ಟು ಮನೆಗೆ ತಿರುಗಿದಳು. ನಾವು ಹುಡುಗರಿಗೆ ಪಾಠ ಹೇಳುವಾಗ ಕಥೆಯನ್ನು ಬಹುಮಟ್ಟಿಗೆ ಇಲ್ಲಿಯೇ ಮುಗಿಸಿಬಿಡುತ್ತೇವೆ. ಆದರೆ ತಾಯಿಯ ಪಾಲಿಗೆ ಕಥೆಯು ಇಲ್ಲಿಂದಲೇ ಪ್ರಾರಂಭವಾಗುತ್ತದೆ. ಮಗುವನ್ನು ಒಂದು ದಿವಸದಲ್ಲಿ ಒಪ್ಪಿಸಿಕೊಟ್ಟಳು. ಒಪ್ಪಿಸಿದವಳಾಗಿ ಬಾಳುವದಕ್ಕೆ ಎಷ್ಟೋ ವರ್ಷಗಳು ಬೇಕಾದವು. ಆ ವರ್ಷಗಳಲ್ಲಿ ಆಕೆಯ ಕೈಗಳು ಏನು ಮಾಡುತ್ತಿದ್ದವೆಂದು ಕೇಳಿದರೆ, ಅಂಗಿಯನ್ನು ಮಾಡುತ್ತಿದ್ದವೆಂಬದೇ ಸತ್ಯವೇದದ ಉತ್ತರವು.

ಆ ಕಾಲದಲ್ಲಿ ಕಡ್ಡಿಗಳಿಂದ ಹೆಣೆಯುವ ವಿದ್ಯೆ ಇರಲಿಲ್ಲ; ಹನ್ನಳ ಅಂಗಿಯು ಮಗ್ಗದಲ್ಲಿ ನೆಯ್ದು ಹೊಲಿದದ್ದೇ ಇರಬೇಕು. ಎರಡು ಕಡ್ಡಿಗಳ ಹೆಣಿಗೆಯು ಬಹಳ ಈಚಿನದು. ಐಗುಪ್ತ ದೇಶದಲ್ಲಿ ದೊರೆತಿರುವ ಅತಿ ಹಳೆಯ ಹೆಣೆದ ಕಾಲುಚೀಲಗಳು ಸಹ ಸುಮಾರು ಸಾವಿರ ವರ್ಷಗಳೊಳಗಿನವು. ನಮ್ಮ ಕನ್ನಡ ಸೀಮೆಯಲ್ಲಿ ಕುರುಬರು ಕುರಿಯ ಉಣ್ಣೆಯನ್ನು ಕತ್ತರಿಸಿ, ನೂತು, ಮಗ್ಗದಲ್ಲಿ ಕಂಬಳಿಯನ್ನು ನೆಯ್ದು, ಹುಣಸೆಬೀಜದ ಸರಿಯನ್ನು ಹಚ್ಚಿ ಬಿಗಿಮಾಡುವದು ಪುರಾತನವಾದ ಕೆಲಸವು. ಕಡ್ಡಿಯ ಹೆಣಿಗೆಯಾದರೋ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನಂಥ ಸಂಘಗಳು ನಡಿಸಿದ ಹೆಣ್ಣುಮಕ್ಕಳ ಶಾಲೆಗಳಲ್ಲಿ, ಓದುಬರಹ ಹೊಲಿಗೆಗಳ ಸಂಗಡ ನಮ್ಮ ಅಜ್ಜಿಯಂದಿರ ಕೈಗೆ ಬಂತು. ಅವರಿಂದ ನಮ್ಮ ತಾಯಂದಿರಿಗೂ, ತಾಯಂದಿರಿಂದ ನಮಗೂ ಬಂತು. ಹೊತ್ತು ಮುಳುಗಿದ ಮೇಲೆ ಜಗಲಿಯಲ್ಲಿ ಕೂತು, ಮೊಮ್ಮಗುವಿಗೆ ಒಂದು ಕುಲಾವಿಯನ್ನೋ, ಚಳಿಯ ಊರಿನಲ್ಲಿರುವ ಮಗನಿಗೆ ಒಂದು ಸ್ವೆಟರನ್ನೋ ಹೆಣೆಯುವ ತಾಯಂದಿರು ಈಗಲೂ ನಮ್ಮ ಸಭೆಗಳಲ್ಲಿ ಇದ್ದಾರೆ. ಅಂಗಡಿಯಲ್ಲಿ ಹೆಣೆದ ಅಂಗಿಯು ಬೇಕಾದಷ್ಟು ದೊರೆಯುವ ಈ ಕಾಲದಲ್ಲಿ ಇದೆಲ್ಲಾ ಯಾಕೆಂದು ಮಕ್ಕಳು ನಗುವದುಂಟು. ಆದರೆ ಕೈಗಳು ಹೆಣೆಯುತ್ತಿರುವಾಗ ಮನಸ್ಸು ಸುಮ್ಮಗಿರುವದಿಲ್ಲ. ಅದು ಒಬ್ಬೊಬ್ಬ ಮಗನ ಬಳಿಗೂ ಒಬ್ಬೊಬ್ಬ ಮಗಳ ಬಳಿಗೂ ಹೋಗಿ ಬರುತ್ತದೆ. ಹೀಗೆ ಹೆಣೆಯುತ್ತಾ ಕೂತಿರುವ ನಾವು ಹನ್ನಳ ಚಿಕ್ಕ ಅಂಗಿಯಿಂದ ಕಲಿಯತಕ್ಕದ್ದೇನೆಂಬದನ್ನು ಈ ತಿಂಗಳು ಕೂಡಿ ಆಲೋಚಿಸುವ.

ಒಂದನೆಯದು: ವರ್ಷಕ್ಕೊಂದು ಹೊಸ ಅಳತೆ.

ಅಂಗಿಯನ್ನು ಮಾಡುವವಳಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಅಳತೆ. ಮಗನು ಮನೆಯಲ್ಲಿದ್ದರೆ ಅವನನ್ನು ಕರೆದು ಬೆನ್ನಿಗೆ ಅಂಗಿಯನ್ನು ಹಿಡಿದು ನೋಡಬಹುದು. ಹನ್ನಳಿಗೆ ಆ ಅನುಕೂಲವಿರಲಿಲ್ಲ. ವರ್ಷಕ್ಕೊಮ್ಮೆ ಮಾತ್ರ ಅವನನ್ನು ಕಂಡಳು. ಕಳೆದ ಸಾರಿ ಅವನ ತಲೆಯು ಎಲ್ಲಿಯ ತನಕ ಬಂದಿತ್ತು, ಈಗ ಎಷ್ಟು ಬೆಳೆದಿರಬೇಕು, ತೋಳು ಎಷ್ಟು ಉದ್ದವಾಗಿರಬೇಕು ಎಂದು ಮನಸ್ಸಿನಲ್ಲಿಯೇ ಅಳೆದಿರಬೇಕು. ಒಂದು ಸಂಗತಿಯು ನಿಶ್ಚಯ: ಆಕೆಯು ಕಳೆದ ವರ್ಷದ ಅಂಗಿಯನ್ನೇ ಮತ್ತೆ ಮಾಡಲಿಲ್ಲ. ಮಗನು ಬೆಳೆಯುತ್ತಾನೆಂಬದನ್ನು ಆಕೆಯು ಒಪ್ಪಿಕೊಂಡಿದ್ದಳು. ಅದೂ ತನ್ನ ಕಣ್ಣಿಗೆ ಮರೆಯಾಗಿ, ಬೇರೊಬ್ಬರ ಆರೈಕೆಯಲ್ಲಿ ಬೆಳೆಯುತ್ತಾನೆಂಬದನ್ನು ಒಪ್ಪಿಕೊಂಡಿದ್ದಳು.

ತಾಯಂದಿರೇ, ನಮಗೆ ಕಠಿಣವಾದದ್ದು ಇದೇ. ಮಗನು ಮೂವತ್ತು ವರ್ಷದವನಾದರೂ ನಮ್ಮ ಮನಸ್ಸಿನಲ್ಲಿರುವ ಅಳತೆಯು ಶಾಲೆಗೆ ಹೋಗುವ ಹುಡುಗನದೇ. ಅವನು ಬೆಂಗಳೂರಿನಿಂದಲೋ ಮುಂಬಯಿಯಿಂದಲೋ ಹಬ್ಬಕ್ಕೆ ಬಂದರೆ ಹೆಂಡತಿಯ ಎದುರಿನಲ್ಲಿಯೇ ಗದರಿಸುತ್ತೇವೆ. ಅವನ ಉಡುಪು, ಅವನ ಊಟ, ಅವನು ಹಣ ಖರ್ಚುಮಾಡುವ ಬಗೆ, ಎಲ್ಲವನ್ನೂ ತಿದ್ದಲಿಕ್ಕೆ ಹೊರಡುತ್ತೇವೆ. ಮಗಳು ತನ್ನ ಮನೆಯಲ್ಲಿ ಅಡಿಗೆಯನ್ನು ಬೇರೊಂದು ರೀತಿಯಲ್ಲಿ ಮಾಡಿದರೆ, ಕಲಿಸಿದ್ದನ್ನು ಮರೆತಳೆಂದು ನೊಂದುಕೊಳ್ಳುತ್ತೇವೆ. ಅವರು ಮೌನವಾಗಿರುವದನ್ನು ಕಂಡು, ಪಟ್ಟಣದ ಗಾಳಿಯು ಅವರನ್ನು ಕೆಡಿಸಿತೆಂದು ಅನ್ನುತ್ತೇವೆ. ನಿಜವಾಗಿ ಆದದ್ದೇನು? ನಾವು ಪ್ರೀತಿಯಿಂದಲೇ ಕೊಟ್ಟ ಅಂಗಿಯು ಅವರ ಹೆಗಲಿಗೆ ಈಗ ಚಿಕ್ಕದಾಗಿದೆ. ಪ್ರೀತಿಯು ಹೆಚ್ಚೆಂಬ ಕಾರಣದಿಂದ ಚಿಕ್ಕ ಅಂಗಿಯು ದೊಡ್ಡದಾಗದು.

ಮತ್ತೊಂದು ಮಾತುಂಟು. ಒಂದೇ ಮನೆಯ ಇಬ್ಬರು ಮಕ್ಕಳಿಗೆ ಒಂದೇ ಅಳತೆಯು ಸಲ್ಲದು. ಹಿರಿಯನು ಬೇಗನೆ ಮಾತು ಕೇಳುವನು, ಕಿರಿಯನು ಕಾರಣ ತಿಳಿದ ಹೊರತು ಕೇಳನು. ಒಬ್ಬಳು ತನ್ನ ದುಃಖವನ್ನು ಹೇಳಿಕೊಳ್ಳುವಳು, ಮತ್ತೊಬ್ಬಳು ನುಂಗಿಕೊಳ್ಳುವಳು. ಹನ್ನಳಿಗೆ ಮುಂದೆ ಮೂವರು ಗಂಡುಮಕ್ಕಳೂ ಇಬ್ಬರು ಹೆಣ್ಣುಮಕ್ಕಳೂ ಹುಟ್ಟಿದರೆಂದು ಓದುತ್ತೇವೆ. ಮನೆತುಂಬ ಮಕ್ಕಳಾದ ಮೇಲೆ ದೂರದಲ್ಲಿದ್ದವನ ಅಳತೆಯನ್ನು ಆಕೆಯು ಮರೆತಳೆಂದು ಎಲ್ಲಿಯೂ ಬರೆದಿಲ್ಲ.

ಎರಡನೆಯದು: ಬಲೆಯೋ, ಅಂಗಿಯೋ?

ನಮ್ಮ ಕನ್ನಡ ಭಾಷೆಯಲ್ಲಿ ಹೆಣೆಯುವದೆಂಬ ಮಾತನ್ನು ಎಷ್ಟು ಕೆಲಸಗಳಿಗೆ ಉಪಯೋಗಿಸುತ್ತೇವೆಂಬದನ್ನು ನೋಡಿರಿ. ಮಗಳ ಜಡೆಯನ್ನು ಹೆಣೆಯುತ್ತೇವೆ. ಚಾಪೆಯನ್ನೂ ಬುಟ್ಟಿಯನ್ನೂ ಹೆಣೆಯುತ್ತೇವೆ. ಸೋಗೆಯನ್ನು ಹೆಣೆದು ಮಾಡು ಹೊದಿಸುತ್ತೇವೆ. ಉಣ್ಣೆಯ ಅಂಗಿಯನ್ನು ಹೆಣೆಯುತ್ತೇವೆ. ಸಮುದ್ರತೀರದಲ್ಲಿ ಬೆಸ್ತರು ಬಲೆಯನ್ನೂ ಹೆಣೆಯುತ್ತಾರೆ. ಅಂಗಿಗೂ ಬಲೆಗೂ ಮಾತು ಒಂದೇ, ಕೈಯ ಚಳಕವೂ ಹೆಚ್ಚುಕಡಿಮೆ ಒಂದೇ. ಎರಡೂ ನೂಲಿನಿಂದ ಆಗುತ್ತವೆ. ಆದರೆ ಬಲೆಯು ಒಳಗೆ ಸಿಕ್ಕಿದ್ದನ್ನು ಹೋಗಗೊಡದು. ಅಂಗಿಯಾದರೋ ತೊಟ್ಟವನು ಎಲ್ಲಿಗೆ ಹೋದರೂ ಅವನ ಸಂಗಡ ಹೋಗಿ ಅವನನ್ನು ಬೆಚ್ಚಗಿಡುತ್ತದೆ. ತಾಯಿಯ ಪ್ರೀತಿಯೆಂಬ ನೂಲಿನಿಂದ ಇವೆರಡರಲ್ಲಿ ಯಾವದನ್ನಾದರೂ ಹೆಣೆಯಬಹುದು. ಆದಕಾರಣ ಪ್ರತಿಯೊಬ್ಬ ತಾಯಿಯೂ ಒಮ್ಮೊಮ್ಮೆ ಕೆಲಸವನ್ನು ಬೆಳಕಿಗೆ ಹಿಡಿದು, ತಾನು ಹೆಣೆಯುತ್ತಿರುವದು ಯಾವದೆಂದು ನೋಡಿಕೊಳ್ಳತಕ್ಕದ್ದು.

ಬಲೆಯನ್ನು ಹೆಣೆಯುವ ಬಗೆಗಳು ಬಹಳ. ಒಂಬತ್ತು ತಿಂಗಳು ಹೊತ್ತು ಹೆತ್ತದ್ದನ್ನು ಲೆಕ್ಕದ ಪುಸ್ತಕದಂತೆ ಆಗಾಗ್ಗೆ ತೆರೆದು ತೋರಿಸುವದು ಒಂದು ಬಗೆ. ಮಗನು ಹೊರಡುವ ದಿನದಲ್ಲಿಯೇ ತಲೆನೋವು ಬರುವದು ಒಂದು ಬಗೆ. ಸೊಸೆಯ ಕುಂದುಗಳನ್ನು ಮಗನ ಕಿವಿಯಲ್ಲಿ ಮೆಲ್ಲನೆ ಹಾಕುವದು ಒಂದು ಬಗೆ. ಒಬ್ಬ ಮಗನ ಮುಂದೆ ಮತ್ತೊಬ್ಬನನ್ನು ಹೊಗಳಿ ಇಬ್ಬರನ್ನೂ ತನ್ನ ಸುತ್ತ ತಿರುಗಿಸುವದು ಮತ್ತೊಂದು. ಇವೆಲ್ಲವೂ ಪ್ರೀತಿಯಿಂದಲೇ ಹುಟ್ಟುತ್ತವೆಂಬದು ನಿಜವೇ. ಬೆಸ್ತನೂ ಮೀನನ್ನು ದ್ವೇಷಿಸಿ ಬಲೆ ಬೀಸುವದಿಲ್ಲ.

ರೆಬೆಕ್ಕಳನ್ನು ನೆನಸಿರಿ. ಆಕೆಯು ಸಹ ತನ್ನ ಮಗನಿಗೆ ಬಟ್ಟೆ ತೊಡಿಸಿದಳು. ಏಸಾವನ ಒಳ್ಳೇ ಬಟ್ಟೆಗಳನ್ನು ತೆಗೆದು ಯಾಕೋಬನಿಗೆ ಉಡಿಸಿ, ಕೈಗಳಿಗೂ ಕೊರಳಿಗೂ ಆಡಿನ ಮರಿಗಳ ಚರ್ಮವನ್ನು ಸುತ್ತಿದಳು (ಆದಿಕಾಂಡ 27). ಹನ್ನಳ ಅಂಗಿಯು ಮಗನನ್ನು ಮಗನಾಗಿಯೇ ಇರಿಸಿತು. ರೆಬೆಕ್ಕಳ ಬಟ್ಟೆಯು ಮಗನನ್ನು ಬೇರೊಬ್ಬನನ್ನಾಗಿ ಮಾಡಿತು. ಅದರ ಫಲವೇನು? ಪ್ರಿಯನಾದ ಮಗನನ್ನು ಕೆಲವು ದಿವಸಗಳ ಮಟ್ಟಿಗೆಂದು ಹೇಳಿ ಲಾಬಾನನ ಮನೆಗೆ ಕಳುಹಿಸಬೇಕಾಯಿತು. ಆ ಕೆಲವು ದಿವಸಗಳು ಇಪ್ಪತ್ತು ವರ್ಷಗಳಾದವು. ತಾಯಿಯು ಅವನ ಮುಖವನ್ನು ಮತ್ತೆ ಕಂಡಳೆಂದು ಸತ್ಯವೇದವು ಎಲ್ಲಿಯೂ ಹೇಳುವದಿಲ್ಲ. ಹಿಡಿದುಕೊಳ್ಳಬೇಕೆಂದು ಬಲೆ ಹೆಣೆದವಳು ಕಳೆದುಕೊಂಡಳು.

ಇದಕ್ಕೆ ಪ್ರತಿಯಾಗಿ ನೊವೊಮಿಯನ್ನು ನೋಡಿರಿ. ಮೋವಾಬ್ ದೇಶದಲ್ಲಿ ಗಂಡನನ್ನೂ ಇಬ್ಬರು ಮಕ್ಕಳನ್ನೂ ಮಣ್ಣುಮಾಡಿದ ಆಕೆಗೆ ಉಳಿದವರು ಸೊಸೆಯರು ಇಬ್ಬರೇ. ಅವರನ್ನು ಹಿಡಿದುಕೊಳ್ಳಲಿಕ್ಕೆ ಆಕೆಗೆ ಕಾರಣವಿತ್ತು, ಅಧಿಕಾರವೂ ಇತ್ತು. ಆದರೆ ಆಕೆಯು ಅವರನ್ನು ಆಶೀರ್ವದಿಸಿ, ತಾಯಿಮನೆಗೆ ಹೋಗಿ ಸುಖವಾಗಿರಿ ಎಂಬ ಭಾವದಿಂದ ಕಳುಹಿಸಿಕೊಟ್ಟಳು. ಬಾಗಲು ತೆರೆದಿತ್ತು. ಒರ್ಫಳು ಮುದ್ದಿಟ್ಟು ಹೋದಳು. ಅವಳನ್ನು ನೊವೊಮಿಯು ಶಪಿಸಲಿಲ್ಲ. ರೂತಳು ತೆರೆದ ಬಾಗಲಿನ ಎದುರಿನಲ್ಲಿ ನಿಂತು, ಹೋಗುವದಿಲ್ಲವೆಂದಳು. ಬಿಟ್ಟುಕೊಟ್ಟವಳ ಬಳಿಯಲ್ಲಿ ಉಳಿದ ಆ ಸೊಸೆಯ ಮಗನಾದ ಓಬೇದನನ್ನು ನೊವೊಮಿಯು ತನ್ನ ಮಡಿಲಲ್ಲಿ ಇಟ್ಟುಕೊಂಡು ಸಾಕಿದಳು. ಅವನಿಂದಲೇ ದಾವೀದನ ವಂಶವು ಬಂತು. ನಮ್ಮ ಅತ್ತೆಸೊಸೆಯರ ಮನೆಗಳಲ್ಲಿ ಈ ಪುಸ್ತಕವನ್ನು ವರ್ಷಕ್ಕೊಮ್ಮೆಯಾದರೂ ಗಟ್ಟಿಯಾಗಿ ಓದುವದು ಒಳ್ಳೇದು.

ಮತ್ತು ಇದನ್ನೂ ಗಮನಿಸಿರಿ: ಪುರುಷನು ತಂದೆತಾಯಿಗಳನ್ನು ಬಿಟ್ಟು ಹೆಂಡತಿಯನ್ನು ಸೇರಿಕೊಳ್ಳುವನೆಂಬ ನಿಯಮವನ್ನು ದೇವರ ವಾಕ್ಯವು ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿಯೇ ಹೇಳಿದೆ. ಲೋಕದಲ್ಲಿ ಆಗ ತಾಯಿಯೆಂಬವಳು ಒಬ್ಬಳೂ ಇರಲಿಲ್ಲ. ಮೊದಲನೆಯ ಮಗು ಹುಟ್ಟುವದಕ್ಕೆ ಮುಂಚೆಯೇ, ಮಕ್ಕಳು ಬಿಟ್ಟುಹೋಗುವ ಮಾತನ್ನು ಬರೆದಿಡಲಾಗಿದೆ. ಹಾಗಾದರೆ ಮಕ್ಕಳು ಬೆಳೆದು ತಮ್ಮ ಮನೆಯನ್ನು ಕಟ್ಟಿಕೊಳ್ಳುವದು ನಮ್ಮ ಮನೆಗೆ ಬಂದ ವಿಪತ್ತಲ್ಲ. ಆದಿಯಿಂದಲೂ ಇದ್ದ ದೇವರ ಸಂಕಲ್ಪವು.

ಮೂರನೆಯದು: ಬಿಗಿಯೂ ಸಡಿಲೂ.

ಹೆಣೆಯಲಿಕ್ಕೆ ಕಲಿಯುವ ಹುಡುಗಿಯರು ಮೊದಮೊದಲು ನೂಲನ್ನು ಬಹಳ ಬಿಗಿಯಾಗಿ ಎಳೆಯುತ್ತಾರೆ. ಆಗ ಕಡ್ಡಿಯು ಕುಣಿಕೆಯೊಳಗೆ ಹೋಗದು, ಬಟ್ಟೆಯು ಹಲಗೆಯಂತಾಗುತ್ತದೆ. ಬೈದರೆ ಅವರು ನೂಲನ್ನು ಪೂರಾ ಸಡಿಲುಬಿಡುತ್ತಾರೆ. ಆಗ ಅಂಗಿಯು ಜಾಳಾಗಿ, ತೊಟ್ಟರೆ ಗಾಳಿಯೆಲ್ಲಾ ಒಳಗೆ ಬರುತ್ತದೆ. ಒಂದೇ ಸಮನಾದ ಹಿಡಿತವು ವರ್ಷಗಳ ಅಭ್ಯಾಸದಿಂದ ಬರತಕ್ಕದ್ದು.

ಹನ್ನಳು ಮಗನನ್ನು ಬಿಟ್ಟ ಆ ಶೀಲೋವಿನಲ್ಲಿಯೇ ಸಡಿಲಾದ ಹಿಡಿತದ ದೃಷ್ಟಾಂತವಿತ್ತು. ಏಲಿಯು ದೇವಭಕ್ತನು, ಆದರೆ ಅವನ ಮಕ್ಕಳಾದ ಹೊಫ್ನಿ ಫೀನೆಹಾಸರು ದೇವರ ನೈವೇದ್ಯವನ್ನೇ ಕಸಕೊಳ್ಳುವ ದುಷ್ಟರು. ತಂದೆಯು ಮುದುಕನಾದ ಮೇಲೆ ಒಂದು ಮಾತು ಬುದ್ಧಿ ಹೇಳಿದನು, ತಡೆಯಲಿಲ್ಲ. ಆ ಹೊತ್ತಿಗೆ ನೂಲು ಕೈಯಿಂದ ಜಾರಿ ಎಷ್ಟೋ ಕಾಲವಾಗಿತ್ತು. ಬೆಳೆದ ಮಕ್ಕಳನ್ನು ಬಿಟ್ಟುಕೊಡಬೇಕೆಂದು ನಾವು ಮೇಲೆ ಹೇಳಿದ್ದನ್ನು ಯಾರೂ ತಪ್ಪಾಗಿ ತಿಳಿಯಬಾರದು. ಮಗನು ಕುಡಿದು ಬಂದು ಹೆಂಡತಿಯನ್ನು ಹೊಡೆಯುವಾಗ, ಅವನು ದೊಡ್ಡವನಾದನು, ನಾವೇನು ಹೇಳುವದು ಎಂದು ಮೂಲೆಯಲ್ಲಿ ಹೆಣೆಯುತ್ತಾ ಕೂತಿರುವ ತಾಯಿಯು ಹನ್ನಳ ಮಗಳಲ್ಲ, ಏಲಿಯ ಮಗಳು. ಅಲ್ಲಿ ತಾಯಿಯು ಎದ್ದು ನಿಂತು ಸೊಸೆಯ ಪಕ್ಷವನ್ನು ಹಿಡಿಯತಕ್ಕದ್ದು.

ಬಿಗಿಯಾದ ಹಿಡಿತಕ್ಕೆ ಯಾಕೋಬನು ದೃಷ್ಟಾಂತವು. ಅವನು ಯೋಸೇಫನೊಬ್ಬನಿಗೇ ವಿಶೇಷವಾದ ಅಂಗಿಯನ್ನು ಮಾಡಿಸಿದನು. ಆ ಒಂದು ಅಂಗಿಯು ಉಳಿದ ಮಕ್ಕಳ ಕಣ್ಣಿಗೆ ಮುಳ್ಳಾಯಿತು. ಕೊನೆಗೆ ಅದೇ ಅಂಗಿಯು ಹೋತದ ರಕ್ತದಲ್ಲಿ ಅದ್ದಲ್ಪಟ್ಟು ತಂದೆಯ ಕೈಗೆ ಬಂತು. ತಾಯಿಯ ಬಟ್ಟೆಯಿಂದ ಮೋಸಕ್ಕೆ ಕಲಿತವನು ಬಟ್ಟೆಯಿಂದಲೇ ಮೋಸಹೋದನು. ಒಬ್ಬನಿಗೆ ಭೂಮಿಯಲ್ಲಿ ಹೆಚ್ಚು ಪಾಲು, ಮತ್ತೊಬ್ಬನಿಗೆ ಬರೀ ಬುದ್ಧಿಮಾತು ಎಂಬ ಮನೆಗಳಲ್ಲಿ ತಂದೆತಾಯಿಗಳು ತೀರಿಕೊಂಡ ವರ್ಷದೊಳಗೆ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಲು ಹತ್ತುವದನ್ನು ನಾವು ನೋಡುತ್ತೇವಲ್ಲವೋ?

ನೆಯ್ದ ಬಟ್ಟೆಗೂ ಹೆಣೆದ ಬಟ್ಟೆಗೂ ಒಂದು ವ್ಯತ್ಯಾಸವುಂಟು. ನೆಯ್ದ ಬಟ್ಟೆಯನ್ನು ಎಳೆದರೆ ಅದು ಹೆಚ್ಚು ಹಿಗ್ಗುವದಿಲ್ಲ, ಮೀರಿ ಎಳೆದರೆ ಹರಿಯುತ್ತದೆ. ಹೆಣೆದದ್ದಾದರೋ ಕುಣಿಕೆಗಳಿಂದಾದ ಕಾರಣ, ಎಳೆದಾಗ ಹಿಗ್ಗಿ ಬಿಟ್ಟಾಗ ತನ್ನ ಆಕಾರಕ್ಕೆ ತಿರುಗುತ್ತದೆ. ಅಂಗಿಯ ಅಂಚಿನಲ್ಲಿಯೂ ತೋಳಿನ ತುದಿಯಲ್ಲಿಯೂ ಒಂದು ಸೀದಾ ಒಂದು ಉಲ್ಟಾ ಹೆಣೆಯುವದು ಇದಕ್ಕಾಗಿಯೇ. ಬೆಳೆದ ಮಕ್ಕಳಿರುವ ಮನೆಯ ಪ್ರೀತಿಯು ಇಂಥಾದ್ದಾಗಿರಬೇಕು: ಅವರು ದೂರ ಹೋದಾಗ ಹರಿಯದೆ ಹಿಗ್ಗಬೇಕು, ಹತ್ತಿರ ಬಂದಾಗ, ಯಾಕೆ ಇಷ್ಟು ದಿನ ಬರಲಿಲ್ಲವೆಂಬ ಮಾತಿನಿಂದ ಎದುರುಗೊಳ್ಳದೆ, ಮೊದಲಿನ ಆಕಾರಕ್ಕೆ ತಿರುಗಬೇಕು.

ನಾಲ್ಕನೆಯದು: ಜಾರಿದ ಕುಣಿಕೆ.

ನೂರು ಕುಣಿಕೆಗಳ ಸಾಲನ್ನು ನೂರು ಸಾರಿ ಹೆಣೆದರೆ 10,000 ಕುಣಿಕೆಗಳಾಗುತ್ತವೆ. ಅವೆಲ್ಲವೂ ಒಂದೇ ನೂಲು. ಒಂದೊಂದು ಕುಣಿಕೆಯೂ ತನ್ನ ಕೆಳಗಿನದನ್ನು ಹಿಡಿದಿರುತ್ತದೆ. ಅವುಗಳಲ್ಲಿ ಒಂದೇ ಒಂದು ಕಡ್ಡಿಯಿಂದ ಜಾರಿದರೆ, ಆ ಕ್ಷಣದಲ್ಲಿ ಏನೂ ಕಾಣುವದಿಲ್ಲ. ಆದರೆ ಎಳೆದಾಗಲೆಲ್ಲಾ ಅದು ಒಂದೊಂದೇ ಸಾಲು ಕೆಳಗೆ ಇಳಿಯುತ್ತಾ, ಕೊನೆಗೆ ಅಂಗಿಯಲ್ಲಿ ಏಣಿಯಂಥ ಉದ್ದವಾದ ಬಿರುಕು ಕಾಣುತ್ತದೆ.

ಮನೆಯ ಜಗಳಗಳೂ ಹೀಗೆಯೇ. ಮಗಳ ಮದುವೆಯ ದಿನ ಆಡಿದ ಒಂದು ಮಾತು, ಸೊಸೆಯ ತವರಿನವರನ್ನು ಕೂಡ್ರಿಸದೆ ಇದ್ದದ್ದು, ಮಗನು ಕಳುಹಿಸಿದ ಹಣವನ್ನು ಎಣಿಸಿ, ಇಷ್ಟೇ ಏನು ಎಂದು ಕೇಳಿದ್ದು, ಇವು ಒಂದೊಂದು ಕುಣಿಕೆಗಳು. ಐದು ವರ್ಷಗಳಾದ ಮೇಲೆ ಮಗನು ಹಬ್ಬಕ್ಕೆ ಬರುವದನ್ನು ನಿಲ್ಲಿಸಿದಾಗ, ಏನಾಯಿತೆಂದು ಊರವರು ಕೇಳುತ್ತಾರೆ. ಏನೂ ಆಗಲಿಲ್ಲವೆಂದು ನಾವು ಹೇಳುತ್ತೇವೆ. ಜಾರಿದ ಕುಣಿಕೆಯು ಇಳಿಯುತ್ತಲೇ ಇತ್ತು.

ಬುದ್ಧಿಯುಳ್ಳ ಹೆಣಿಗೆಗಾರ್ತಿಯು ಇದನ್ನು ಕಂಡರೆ ಏನು ಮಾಡುವಳು? ಅಂಗಿಯನ್ನು ಬಿಸಾಡುವದಿಲ್ಲ, ಬಿರುಕನ್ನು ಮುಚ್ಚಲಿಕ್ಕೆ ಮೇಲೊಂದು ತೇಪೆಯನ್ನೂ ಹಾಕುವದಿಲ್ಲ. ಕ್ರೋಶಾ ಸೂಜಿಯನ್ನು ತೆಗೆದುಕೊಂಡು, ಕೆಳಗೆ ಜಾರಿ ನಿಂತಿರುವ ಆ ಒಂದು ಕುಣಿಕೆಯನ್ನು ಹುಡುಕಿ ಹಿಡಿದು, ಒಂದೊಂದೇ ಸಾಲನ್ನು ದಾಟಿಸುತ್ತಾ ಮೇಲಕ್ಕೆ ತರುವಳು. ಕ್ಷಮೆಯೆಂಬದು ಇಂಥ ಕೆಲಸವು. ಆದದ್ದೆಲ್ಲಾ ಆಗಿಹೋಯಿತೆಂದು ಮೇಲಿನಿಂದ ಹೇಳಿಬಿಡುವದು ತೇಪೆಯು. ಆ ದಿನ ಆ ಮಾತಿನಿಂದ ನಿನಗೆ ನೋವಾಯಿತಲ್ಲಾ, ಮಗಳೇ ಎಂದು ಹೆಸರುಗೊಂಡು ಕೇಳುವದು ಸೂಜಿಯ ಕೆಲಸವು. ಅದಕ್ಕೆ ಒಳ್ಳೇ ಬೆಳಕೂ ತಾಳ್ಮೆಯೂ ಬೇಕು. ಹಿರಿಯರಾದ ನಾವೇ ಮೊದಲು ಬಾಗಬೇಕು. ದೇವರು ತಾನೇ ನಮ್ಮ ಬಳಿಗೆ ಮೊದಲು ಬಂದನು; ನಾವು ಬರುವ ತನಕ ಆತನು ಕಾದು ಕೂತಿರಲಿಲ್ಲ.

ಕೆಲವು ಸಂಗತಿಗಳು ಸೂಜಿಯಿಂದ ಸರಿಯಾಗುವದಿಲ್ಲ. ಬಿಚ್ಚಿ ಮತ್ತೆ ಹೆಣೆಯಬೇಕಾಗುತ್ತದೆ. ಬಿಚ್ಚಿದ ಉಣ್ಣೆಯು ಸುರುಳಿಸುರುಳಿಯಾಗಿ, ಹಳೆಯ ಕುಣಿಕೆಗಳ ಗುರುತನ್ನು ಹೊತ್ತಿರುತ್ತದೆ. ಅದನ್ನು ಹಾಗೆಯೇ ಹೆಣೆದರೆ ಸಾಲು ಸಮನಾಗದು. ಲಡಿಯಾಗಿ ಸುತ್ತಿ, ನೀರಿನಲ್ಲಿ ತೊಳೆದು, ತೂಗಹಾಕಿ ಒಣಗಿಸಿದರೆ ನೂಲು ನೆಟ್ಟಗಾಗುತ್ತದೆ. ಅನೇಕ ವರ್ಷಗಳ ಬೇಸರವಿರುವ ಮನೆಗಳಲ್ಲಿ ಒಂದೇ ದಿವಸದಲ್ಲಿ ಎಲ್ಲವೂ ನೆಟ್ಟಗಾಗಬೇಕೆಂದು ಬಯಸಬಾರದು. ತೊಳೆಯುವದಕ್ಕೂ ಒಣಗುವದಕ್ಕೂ ಕಾಲ ಕೊಡಿರಿ. ನೂಲು ಹಾಳಾಗಲಿಲ್ಲ, ಕುಣಿಕೆಯ ಗುರುತು ಮಾತ್ರ ಇದೆ.

ಐದನೆಯದು: ಮುಗಿಸಿ ಕೊಡುವದು.

ಅಂಗಿಯು ಕಡ್ಡಿಯ ಮೇಲಿರುವ ತನಕ ಅದು ಹೆಣೆಯುವವಳದು. ಕೊನೆಯ ಸಾಲಿನಲ್ಲಿ ಒಂದು ಕುಣಿಕೆಯನ್ನು ಮತ್ತೊಂದರ ಮೇಲಿಂದ ದಾಟಿಸಿ, ತುದಿಯನ್ನು ಭದ್ರಪಡಿಸಿ, ನೂಲನ್ನು ಕತ್ತರಿಸಿ, ಕಡ್ಡಿಯನ್ನು ಹೊರಗೆ ತೆಗೆಯಬೇಕು. ಕತ್ತರಿಸುವದಕ್ಕೆ ಮನಸ್ಸಿಲ್ಲದೆ ಹೆಣೆಯುತ್ತಲೇ ಇದ್ದರೆ ಅದು ಯಾರಿಗೂ ಅಂಗಿಯಾಗದು. ಭದ್ರಪಡಿಸದೆ ಕತ್ತರಿಸಿದರೆ ಎಲ್ಲವೂ ಬಿಚ್ಚಿಹೋಗುವದು. ಚೆನ್ನಾಗಿ ಮುಗಿಸಿದ ಮೇಲೆ ಅದು ತೊಡುವವನದು. ಅವನು ಅದನ್ನು ಮಳೆಯಲ್ಲಿ ನೆನಸಬಹುದು, ಮೊಳಕೈಯಲ್ಲಿ ಹರಿದುಕೊಳ್ಳಬಹುದು, ಚಳಿಯಲ್ಲಿ ನಡುಗುವವನಿಗೆ ಕೊಟ್ಟುಬಿಡಬಹುದು.

ಸಮುವೇಲನ ಅಂಗಿಯ ವಿಷಯವಾಗಿ ಒಂದು ಸೋಜಿಗದ ಸಂಗತಿಯುಂಟು. ತಾಯಿಯು ಮಾಡಿದ ಆ ಚಿಕ್ಕ ಅಂಗಿಗೆ ಇಬ್ರಿಯ ಭಾಷೆಯಲ್ಲಿ ಮೆಯೀಲ್ ಎಂಬ ಹೆಸರಿದೆ. ಅದೇ ಶಬ್ದವು ಹದಿನೈದನೆಯ ಅಧ್ಯಾಯದಲ್ಲಿ ತಿರುಗಿ ಬರುತ್ತದೆ: ದೇವರ ಮಾತನ್ನು ಮೀರಿದ ಅರಸನಾದ ಸೌಲನು ಪ್ರವಾದಿಯ ನಿಲುವಂಗಿಯ ಅಂಚನ್ನು ಹಿಡಿದಾಗ ಅದು ಹರಿಯಿತು. ಇಪ್ಪತ್ತೆಂಟನೆಯ ಅಧ್ಯಾಯದಲ್ಲಿ ಎಂದೋರಿನ ಸ್ತ್ರೀಯು, ನಿಲುವಂಗಿಯನ್ನು ಹೊದ್ದ ಮುದುಕನು ಬರುತ್ತಾನೆಂದು ಹೇಳಿದ ಕೂಡಲೇ ಅವನು ಸಮುವೇಲನೆಂದು ಸೌಲನು ತಿಳಿದುಕೊಂಡನು. ಅಲ್ಲಿಯೂ ಅದೇ ಶಬ್ದವು. ಮಗುವಾಗಿದ್ದಾಗ ತಾಯಿಯು ತೊಡಿಸಿದಂಥ ಉಡುಪಿನಿಂದಲೇ ಆ ಮನುಷ್ಯನನ್ನು ಜನರು ಕೊನೆಯ ವರೆಗೂ ಗುರುತಿಸಿದರು. ತಾಯಿಯು ಅವನ ಸಂಗಡ ಅರಸನ ಎದುರಿಗೆ ಹೋಗಲಿಲ್ಲ, ಅಂಗಿಯು ಹೋಯಿತು.

ಆದರೂ ಅಂಗಿಯ ಮೇಲೆ ಭರವಸವಿಡಬೇಡಿರಿ. ಇಂಥ ತಾಯಿಯ ಮಗನಾದ ಸಮುವೇಲನ ಸ್ವಂತ ಮಕ್ಕಳು ಲಂಚಕೋರರಾದರೆಂದು ಎಂಟನೆಯ ಅಧ್ಯಾಯದಲ್ಲಿ ಓದುತ್ತೇವೆ. ಒಳ್ಳೇ ತಂದೆಯ ಮನೆಯಲ್ಲಿಯೂ ಮಕ್ಕಳು ದಾರಿತಪ್ಪುವದುಂಟು. ಆದಕಾರಣ ಯಾರ ಮಗನಾದರೂ ದಾರಿತಪ್ಪಿದರೆ, ಆ ತಾಯಿಯು ಸರಿಯಾಗಿ ಬೆಳೆಸಲಿಲ್ಲವೆಂದು ಬಾವಿಕಟ್ಟೆಯ ಬಳಿಯಲ್ಲಾಗಲಿ ದೇವಾಲಯದ ಅಂಗಳದಲ್ಲಾಗಲಿ ನ್ಯಾಯತೀರಿಸುವವರು ಬಾಯಿಮುಚ್ಚಿಕೊಳ್ಳಲಿ. ನಾವು ಹೆಣೆಯಬಲ್ಲೆವು, ತೊಡುವವನ ಹೃದಯವನ್ನು ದೇವರೊಬ್ಬನೇ ಬದಲಾಯಿಸಬಲ್ಲನು.

ಬೆಳೆದ ಮಕ್ಕಳಾದ ನಿಮಗೂ ಒಂದು ಮಾತು. ನಮ್ಮ ಕರ್ತನಿಗೆ ಹೊಲಿಗೆಯಿಲ್ಲದ, ಮೇಲಿನಿಂದ ಕೆಳಗಿನ ತನಕ ನೆಯ್ದ ಒಂದು ಅಂಗಿಯಿತ್ತು. ಶಿಲುಬೆಯ ಬುಡದಲ್ಲಿ ಸಿಪಾಯಿಗಳು ಅದಕ್ಕೋಸ್ಕರ ಚೀಟು ಹಾಕುತ್ತಿದ್ದಾಗ ಆತನ ತಾಯಿಯು ಅಲ್ಲಿಯೇ ನಿಂತಿದ್ದಳು (ಯೋಹಾನ 19). ಲೋಕದ ಪಾಪಭಾರವನ್ನು ಹೊತ್ತಿದ್ದ ಆ ಗಳಿಗೆಯಲ್ಲಿಯೂ ಆತನು ತಾಯಿಯನ್ನು ನೋಡಿ, ಮುಂದೆ ಆಕೆಯು ಯಾರ ಮನೆಯಲ್ಲಿ ಇರಬೇಕೆಂಬದನ್ನು ಏರ್ಪಡಿಸಿದನು. ಕೆಲಸವು ಬಹಳ, ಪುರುಸೊತ್ತಿಲ್ಲ ಎಂದು ಹೇಳುವ ಮಗನು ಆತನಿಗಿಂತ ಹೆಚ್ಚಿನ ಕೆಲಸದಲ್ಲಿದ್ದಾನೋ? ನಿಮ್ಮ ಕೈಯಲ್ಲಿ ಯಾವಾಗಲೂ ಫೋನು ಉಂಟು. ವಾರಕ್ಕೊಮ್ಮೆ ತಾಯಿಯ ಧ್ವನಿಯನ್ನು ಕೇಳುವದಕ್ಕೆ ಎಷ್ಟು ಹೊತ್ತು ಬೇಕು? ಹಣ ಕಳುಹಿಸಿದೆವೆಂಬಲ್ಲಿಗೆ ಎಲ್ಲವೂ ತೀರಿತೆಂದು ಎಣಿಸಬೇಡಿರಿ. ಗಲ್ಫ್ ದೇಶದ ಸೆಕೆಯಲ್ಲಿರುವ ನಿಮಗೆ ಉಣ್ಣೆಯ ಅಂಗಿಯು ಬೇಡವಾಗಿರಬಹುದು. ಆದರೆ ಆಕೆಯು ಅದನ್ನು ಕಳುಹಿಸಿದರೆ, ಇದು ಯಾಕಮ್ಮಾ ಎಂದು ನಗದೆ, ತೊಟ್ಟು ನೋಡಿ ಸರಿಯಾಗಿದೆಯೆಂದು ಹೇಳಿರಿ. ತೋಳು ಗಿಡ್ಡವಾಗಿದ್ದರೆ ಅದನ್ನೂ ಮೆಲ್ಲನೆ ಹೇಳಿರಿ. ಮುಂದಿನ ವರ್ಷದ ಅಳತೆಯನ್ನು ನೀವೇ ಕೊಟ್ಟ ಹಾಗಾಗುವದು. ಅಳತೆಯನ್ನು ಕೊಡದ ಮಕ್ಕಳು, ಅಂಗಿಯು ಸರಿಯಾಗಲಿಲ್ಲವೆಂದು ದೂರುವದು ನ್ಯಾಯವಲ್ಲ.

ಕಡೆಯದಾಗಿ, ಮಗನು ಎಲ್ಲಿದ್ದಾನೆಂಬದನ್ನೇ ಅರಿಯದ ತಾಯಂದಿರು, ಮಗಳು ಮಾತುಬಿಟ್ಟು ವರ್ಷಗಳಾದ ತಾಯಂದಿರು ನಮ್ಮ ಸಭೆಗಳಲ್ಲಿ ಇದ್ದಾರೆ. ಅಳತೆಯೇ ಇಲ್ಲದೆ ಹೇಗೆ ಹೆಣೆಯುವದೆಂದು ಅವರು ಕೇಳುವರು. ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯದಲ್ಲಿ ಆ ತಂದೆಯನ್ನು ನೋಡಿರಿ. ಮಗನು ದೂರದೇಶಕ್ಕೆ ಹೋದಾಗ ಅವನು ಬಲೆಯನ್ನು ಹಿಡಿದುಕೊಂಡು ಹಿಂದೆ ಓಡಲಿಲ್ಲ, ಬಾಗಲಿಗೆ ಬೀಗವನ್ನೂ ಹಾಕಲಿಲ್ಲ. ಮಗನು ಇನ್ನೂ ದೂರದಲ್ಲಿರುವಾಗಲೇ ಕಂಡನು. ಅಂದರೆ ಅವನ ಕಣ್ಣು ದಾರಿಯ ಮೇಲಿತ್ತು. ಮತ್ತು ಮಗನು ಬಂದ ಗಳಿಗೆಯಲ್ಲಿಯೇ ಶ್ರೇಷ್ಠವಾದ ನಿಲುವಂಗಿಯನ್ನು ತರಿಸಿದನು. ಅದು ಆ ದಿನ ಅಂಗಡಿಯಲ್ಲಿ ಕೊಂಡದ್ದಲ್ಲ, ಮನೆಯಲ್ಲಿ ಸಿದ್ಧವಾಗಿತ್ತು. ಹಂದಿಗಳ ಬಳಿಯಲ್ಲಿದ್ದ ಮಗನಿಗೋಸ್ಕರ ತಂದೆಯ ಮನೆಯಲ್ಲಿ ಅಂಗಿಯು ಇದ್ದೇ ಇತ್ತು. ತಾಯಂದಿರೇ, ನಿಮ್ಮ ಪೆಟ್ಟಿಗೆಯಲ್ಲಿ ಒಂದು ಅಂಗಿಯು ಸಿದ್ಧವಾಗಿರಲಿ, ನಿಮ್ಮ ಬಾಯಲ್ಲಿ ಒಂದು ಒಳ್ಳೇ ಮಾತು ಸಿದ್ಧವಾಗಿರಲಿ. ಅಳತೆಯನ್ನು ಬಲ್ಲವನು ಒಬ್ಬನಿದ್ದಾನೆ. ನಿಮ್ಮ ಗರ್ಭದಲ್ಲಿಯೇ ಆ ಮಗುವನ್ನು ಹೆಣೆದವನು ಆತನೇ.

ಪ್ರಾರ್ಥಿಸುವ. ಪರಲೋಕದ ತಂದೆಯೇ, ನೀನು ಕೊಟ್ಟ ಮಕ್ಕಳಿಗಾಗಿ ನಿನ್ನನ್ನು ಸ್ತುತಿಸುತ್ತೇವೆ. ಅವರನ್ನು ಹಿಡಿಯುವದಕ್ಕಲ್ಲ, ಹೊದಿಸುವದಕ್ಕೆ ನಮ್ಮ ಕೈಗಳಿಗೆ ಕಲಿಸು. ಅವರ ಬೆಳವಣಿಗೆಯನ್ನು ಸಂತೋಷದಿಂದ ನೋಡುವ ಕಣ್ಣುಗಳನ್ನು ಕೊಡು. ನಮ್ಮ ಮನೆಗಳಲ್ಲಿ ಜಾರಿದ ಕುಣಿಕೆಗಳನ್ನು ಹುಡುಕಿ ಎತ್ತುವ ತಾಳ್ಮೆಯನ್ನೂ, ಮುಗಿಸಿ ಒಪ್ಪಿಸಿಕೊಡುವ ಧೈರ್ಯವನ್ನೂ ದಯಪಾಲಿಸು. ದೂರದಲ್ಲಿರುವವರನ್ನು ನಿನ್ನ ನೀತಿಯೆಂಬ ವಸ್ತ್ರದಿಂದ ಹೊದಿಸಿ ಕಾಪಾಡು. ಯೇಸು ಕ್ರಿಸ್ತನ ಮೂಲಕ ಬೇಡಿಕೊಳ್ಳುತ್ತೇವೆ. ಆಮೆನ್.